ನಡವಳಿಕೆಯೂ ನಂಬಿಕೆಯೂ: ಬಡವರ ಹಣಕಾಸನ್ನು ಕುರಿತ ಒಂದು ಗ್ರಂಥದ ವಿಮರ್ಶೆ

ಹಣದ ವಿಷಯದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬ ಪ್ರಶ್ನೆಯು ಬಹುಕಾಲದವರೆಗೆ ನೀತಿಬೋಧಕರಿಗೂ ಗಾದೆಗಳಿಗೂ ಬಿಟ್ಟ ವಿಷಯವಾಗಿತ್ತು. ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಮನುಷ್ಯನನ್ನು ತನ್ನ ಹಿತವನ್ನು ತಾನೇ ಬಲ್ಲವನೆಂದೂ ಲೆಕ್ಕದಲ್ಲಿ ತಪ್ಪದವನೆಂದೂ ಭಾವಿಸಿಕೊಂಡು ತಮ್ಮ ಸಿದ್ಧಾಂತಗಳನ್ನು ಕಟ್ಟಿದರು. ೧೯೭೯ರಲ್ಲಿ ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಬಂಧವು ಈ ಭಾವನೆಯನ್ನು ಬಲವಾಗಿ ಅಲುಗಿಸಿತು. ಒಂದು ರೂಪಾಯಿಯನ್ನು ಕಳೆದುಕೊಂಡ ನೋವು ಒಂದು ರೂಪಾಯಿಯನ್ನು ಗಳಿಸಿದ ಸಂತೋಷಕ್ಕಿಂತ ದೊಡ್ಡದೆಂಬುದು ಅವರ ವಾದದ ತಿರುಳು. ಕಾನಮನ್ ಅವರಿಗೆ ೨೦೦೨ರಲ್ಲಿಯೂ, ಅದೇ ಹಾದಿಯಲ್ಲಿ ಮುಂದೆ ನಡೆದ ರಿಚರ್ಡ್ ಥೇಲರ್ ಅವರಿಗೆ ೨೦೧೭ರಲ್ಲಿಯೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆತ ಮೇಲೆ, ವರ್ತನಾ ಅರ್ಥಶಾಸ್ತ್ರವೆಂಬ ಈ ಶಾಖೆಯು ಕಾಲೇಜಿನ ಪಾಠಪಟ್ಟಿಯನ್ನೂ ಬ್ಯಾಂಕಿನ ಯೋಜನಾಶಾಖೆಯನ್ನೂ ಒಟ್ಟಿಗೆ ಪ್ರವೇಶಿಸಿತು.

ಮನುಷ್ಯನ ನಡವಳಿಕೆಯನ್ನು ಅರಿತುಕೊಂಡರೆ ಅವನಿಗೆ ಒಪ್ಪುವ ಹಣಕಾಸಿನ ಸೇವೆಯನ್ನು ರೂಪಿಸಬಹುದೆಂಬುದು ಈ ಶಾಖೆಯವರ ಭರವಸೆ. ಈ ಭರವಸೆಯ ಪರೀಕ್ಷೆಗಾಗಿ ನಾವು ಇಲ್ಲಿ ಒಂದು ಗ್ರಂಥವನ್ನು ಆರಿಸಿಕೊಂಡಿದ್ದೇವೆ. ಡ್ಯಾರಿಲ್ ಕಾಲಿನ್ಸ್, ಜೊನಾಥನ್ ಮೊರ್ಡುಕ್, ಸ್ಟುವರ್ಟ್ ರುದರ್‌ಫರ್ಡ್ ಮತ್ತು ಒರ್ಲಾಂಡಾ ರುತ್ವೆನ್ ಇವರು ಕೂಡಿ ಬರೆದು ೨೦೦೯ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಹೊರಬಂದ 'ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್' ಎಂಬುದೇ ಆ ಗ್ರಂಥ. ಇತಿಹಾಸದ ಅಧ್ಯಾಪಕರು ಅರ್ಥಶಾಸ್ತ್ರದ ಗ್ರಂಥಕ್ಕೆ ಕೈಹಾಕುವುದೇಕೆಂದು ಕೇಳುವವರಿರಬಹುದು. ಸಾಲವೂ ಉಳಿತಾಯವೂ ಮನಸ್ಸಿನ ವ್ಯಾಪಾರಗಳಾಗುವುದಕ್ಕೆ ಮೊದಲು ಕಾನೂನಿನ, ಕಾಗದದ, ಊರಿನ ವ್ಯಾಪಾರಗಳಾಗಿದ್ದವು. ಆ ಕಾಗದಗಳನ್ನು ಓದುವುದು ನಮ್ಮ ಕಸುಬಾದುದರಿಂದ ನಮಗೂ ಇಲ್ಲಿ ಒಂದು ಮಾತಿಗೆ ಎಡೆಯಿದೆಯೆಂದು ಭಾವಿಸುತ್ತೇವೆ.

ಮೊದಲು ಗ್ರಂಥದ ಗುಣವನ್ನು ಹೇಳತಕ್ಕದ್ದು ನ್ಯಾಯ. ಬಾಂಗ್ಲಾದೇಶ, ಭಾರತ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಸುಮಾರು ೨೫೦ ಬಡ ಕುಟುಂಬಗಳನ್ನು ಆರಿಸಿಕೊಂಡು, ಒಂದು ವರ್ಷದ ಅವಧಿಯಲ್ಲಿ ಸರಿಸುಮಾರು ಹದಿನೈದು ದಿನಕ್ಕೊಮ್ಮೆ ಅವರ ಮನೆಗೆ ಹೋಗಿ, ಬಂದ ಹಣ, ಹೋದ ಹಣ, ಕೊಟ್ಟ ಸಾಲ, ತಂದ ಸಾಲ, ನೆರೆಯವರಲ್ಲಿ ಇರಿಸಿದ ಇಡುಗಂಟು, ಇವೆಲ್ಲವನ್ನೂ ದಿನಚರಿಯಂತೆ ಬರೆದುಕೊಂಡುದು ಈ ಗ್ರಂಥದ ಅಡಿಪಾಯ. ಒಮ್ಮೆ ಬಂದು ಪ್ರಶ್ನಾವಳಿಯನ್ನು ತುಂಬಿಸಿಕೊಂಡು ಹೋಗುವ ಅಧಿಕಾರಿಗೆ ಯಾವ ಗೃಹಿಣಿಯೂ ಸಾಸಿವೆ ಡಬ್ಬಿಯಲ್ಲಿಟ್ಟ ನೋಟಿನ ಸಂಗತಿಯನ್ನು ಹೇಳುವುದಿಲ್ಲ. ಹತ್ತನೆಯ ಸಲ ಬಂದು ಜಗಲಿಯ ಮೇಲೆ ಕುಳಿತವನಿಗೆ ಹೇಳಿಯಾಳು. ಗ್ರಂಥಕರ್ತರಿಗೆ ಈ ಸೂಕ್ಷ್ಮವು ತಿಳಿದಿದ್ದಿತು.

ಹೀಗೆ ಸಂಗ್ರಹಿಸಿದ ದಿನಚರಿಗಳಿಂದ ಹೊರಟ ನಿರ್ಣಯವು ಗಮನಾರ್ಹವಾದುದು. ದಿನಕ್ಕೆ ಎರಡು ಡಾಲರಿಗೂ ಕಡಿಮೆ ಆದಾಯದಲ್ಲಿ ಬದುಕುವವರು ಕೈಯಿಂದ ಬಾಯಿಗೆ ಬದುಕುತ್ತಾರೆ, ಅವರಿಗೆ ಹಣಕಾಸಿನ ವ್ಯವಹಾರವೇ ಇಲ್ಲ ಎಂಬ ಕಲ್ಪನೆಯು ಸುಳ್ಳು. ಅವರ ಆದಾಯವು ಅಲ್ಪವಾದುದು ಮಾತ್ರವಲ್ಲ, ಅನಿಶ್ಚಿತವೂ ಆದುದರಿಂದಲೇ ಅವರು ಉಳ್ಳವರಿಗಿಂತ ಹೆಚ್ಚಾಗಿ ಹಣವನ್ನು ಆಡಿಸುತ್ತಾರೆ. ಪರಿಶೀಲಿಸಿದ ಪ್ರತಿಯೊಂದು ಕುಟುಂಬಕ್ಕೂ ಸಾಲವೂ ಇದ್ದಿತು, ಉಳಿತಾಯವೂ ಇದ್ದಿತು. ನಾಲ್ಕಕ್ಕಿಂತ ಕಡಿಮೆ ಬಗೆಯ ಸಾಧನಗಳನ್ನು ಬಳಸಿದ ಕುಟುಂಬ ಒಂದೂ ಇರಲಿಲ್ಲ. ಭಾರತದ ಕುಟುಂಬಗಳು ಸರಾಸರಿ ಎಂಟಕ್ಕೂ ತುಸು ಹೆಚ್ಚು ಬಗೆಯ ಸಾಧನಗಳನ್ನು ಬಳಸುತ್ತಿದ್ದವು. ಕೈಸಾಲ, ಅಂಗಡಿಯ ಉದ್ದರಿ, ಚೀಟಿ, ಒಬ್ಬರ ಹಣವನ್ನು ಇನ್ನೊಬ್ಬರು ಕಾಯ್ದಿಡುವುದು, ಸಂಘದ ಕಂತು, ಇವೆಲ್ಲವೂ ಆ ಎಣಿಕೆಯಲ್ಲಿ ಸೇರುತ್ತವೆ. ದೈನಂದಿನ ಖರ್ಚನ್ನು ಸರಿದೂಗಿಸುವುದು, ಆಪತ್ತನ್ನು ಎದುರಿಸುವುದು, ಮದುವೆ ಮನೆಗಳಂತಹ ದೊಡ್ಡ ವೆಚ್ಚಕ್ಕೆ ಗಂಟು ಕೂಡಿಸುವುದು, ಈ ಮೂರು ಅಗತ್ಯಗಳ ಸುತ್ತ ಗ್ರಂಥದ ಅಧ್ಯಾಯಗಳು ಹೆಣೆದುಕೊಂಡಿವೆ. ಕಡೆಗೆ ಗ್ರಂಥಕರ್ತರು ಒಳ್ಳೆಯ ಸೇವೆಗೆ ನಾಲ್ಕು ಲಕ್ಷಣಗಳನ್ನು ಸೂಚಿಸುತ್ತಾರೆ: ಅದು ನೆಚ್ಚಬಹುದಾದುದಾಗಿರಬೇಕು, ಅನುಕೂಲವಾಗಿರಬೇಕು, ಬೇಕಾದಂತೆ ಬಾಗಬೇಕು, ಶಿಸ್ತಿಗೆ ಆಧಾರವಾದ ಕಟ್ಟನ್ನೂ ಒದಗಿಸಬೇಕು.

ಕೈಯಲ್ಲಿ ಉಳಿತಾಯವಿರುವಾಗಲೇ ಬಡ್ಡಿಗೆ ಸಾಲ ತರುವವರನ್ನು ಕುರಿತ ಗ್ರಂಥಕರ್ತರ ವಿವರಣೆಯು ವಿಶೇಷ ಪ್ರಶಂಸೆಗೆ ಅರ್ಹವಾಗಿದೆ. ಲೆಕ್ಕದ ದೃಷ್ಟಿಯಿಂದ ಇದು ಅವಿವೇಕ. ಆದರೆ ಸಾಲವನ್ನು ತೀರಿಸಲು ಸಾಲಿಗನು ಬಾಗಿಲಿಗೆ ಬಂದು ಒತ್ತಾಯಿಸುತ್ತಾನೆ. ಒಡೆದ ಉಳಿತಾಯವನ್ನು ಮತ್ತೆ ತುಂಬಿಸೆಂದು ಒತ್ತಾಯಿಸುವವರು ಯಾರೂ ಇಲ್ಲ. ಆದುದರಿಂದ ಬಡ್ಡಿಯೆಂಬುದು ಇಲ್ಲಿ ಶಿಸ್ತಿಗೆ ತೆರುವ ಬೆಲೆಯಾಗುತ್ತದೆ. ಥೇಲರ್ ಅವರು ಮನಸ್ಸಿನ ಖಾತೆಗಳೆಂದು ಕರೆದ ಸಂಗತಿಯೂ ಇದಕ್ಕೆ ಸಮೀಪವಾದುದೇ. ಒಂದೇ ಬೆಲೆಯ ರೂಪಾಯಿಗಳನ್ನು ನಾವೆಲ್ಲರೂ ಮಗಳ ಮದುವೆಯ ಹಣ, ಬಾಡಿಗೆಯ ಹಣ, ಹಬ್ಬದ ಹಣವೆಂದು ಬೇರೆ ಬೇರೆ ಗಂಟುಗಳಲ್ಲಿ ಕಟ್ಟಿಡುತ್ತೇವೆ.

ಇಂತಹ ತಿಳಿವಳಿಕೆಯಿಂದ ಪ್ರಯೋಜನವಾಗಿರುವುದೂ ನಿಜ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಂತೆ, ಮುಂದೆ ಸಂಬಳವು ಏರಿದಾಗ ಏರಿಕೆಯ ಒಂದಂಶವನ್ನು ಉಳಿತಾಯಕ್ಕೆ ಕೊಡುವೆವೆಂದು ಮೊದಲೇ ಒಪ್ಪಿದ ಅಮೆರಿಕದ ನೌಕರರ ಉಳಿತಾಯವು ೪೦ ತಿಂಗಳಲ್ಲಿ ಸಂಬಳದ ಶೇಕಡಾ ೩.೫ರಿಂದ ೧೩.೬ಕ್ಕೆ ಏರಿತು. ಫಿಲಿಪ್ಪೀನ್ಸಿನ ಮಿಂಡನಾವೋ ದ್ವೀಪದಲ್ಲಿ, ತಾವೇ ಗೊತ್ತುಪಡಿಸಿದ ದಿನ ಅಥವಾ ಮೊತ್ತ ಬರುವವರೆಗೆ ಹಣವನ್ನು ಹಿಂತೆಗೆಯಲಾಗದ ಖಾತೆಯನ್ನು ಒಂದು ಬ್ಯಾಂಕಿನ ಗ್ರಾಹಕರಿಗೆ ನೀಡಲು, ಶೇಕಡಾ ೨೮ರಷ್ಟು ಮಂದಿ ಅದನ್ನು ಒಪ್ಪಿಕೊಂಡರು. ನವ ಆಶ್ರಫ್, ಡೀನ್ ಕಾರ್ಲನ್ ಮತ್ತು ವೆಸ್ಲಿ ಯಿನ್ ೨೦೦೬ರಲ್ಲಿ ಪ್ರಕಟಿಸಿದ ಈ ಪ್ರಯೋಗವು, ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳಲು ಮನುಷ್ಯನು ಕೆಲವು ವೇಳೆ ಬಯಸುತ್ತಾನೆಂಬುದನ್ನು ತೋರಿಸಿಕೊಟ್ಟಿತು.

ಇಷ್ಟನ್ನು ಮನಃಪೂರ್ವಕವಾಗಿ ಒಪ್ಪಿಕೊಂಡ ಮೇಲೆ ನಮ್ಮ ಆಕ್ಷೇಪಣೆಗಳನ್ನು ಹೇಳುತ್ತೇವೆ. ಅವು ಮೂರು.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದುದು. ಒಂದು ವರ್ಷದ ದಿನಚರಿಯಲ್ಲಿ ಕಾಣುವ ನಡವಳಿಕೆಯು ಆ ವರ್ಷದಲ್ಲಿ ಹುಟ್ಟಿದುದಲ್ಲ. ಇದಕ್ಕೆ ದಖ್ಖನಿನ ಇತಿಹಾಸದಿಂದ ಒಂದು ನಿದರ್ಶನವನ್ನು ಕೊಡುತ್ತೇವೆ. ೧೮೫೯ರಲ್ಲಿ ಬ್ರಿಟಿಷ್ ಸರ್ಕಾರವು ಸಾಲಪತ್ರಗಳಿಗೆ ಮೂರು ವರ್ಷಗಳ ಕಾಲಮಿತಿಯನ್ನು ವಿಧಿಸುವ ಕಾನೂನನ್ನು ಮಾಡಿತು. ಬಡ್ಡಿಯು ವರ್ಷಾನುವರ್ಷ ಬೆಳೆದು ರೈತನನ್ನು ನುಂಗದಿರಲೆಂಬುದು ಅದರ ಸದುದ್ದೇಶ. ಸಾಹುಕಾರರಾದರೋ ಮೂರು ವರ್ಷಕ್ಕೊಮ್ಮೆ ತೀರದ ಅಸಲನ್ನೂ ಬಡ್ಡಿಯನ್ನೂ ಕೂಡಿಸಿ, ಆ ಮೊತ್ತವನ್ನೇ ಹೊಸ ಅಸಲೆಂದು ಬರೆದು, ರೈತನಿಂದ ಹೊಸ ಪತ್ರಕ್ಕೆ ಸಹಿ ಮಾಡಿಸಿಕೊಳ್ಳತೊಡಗಿದರು. ರೈತನನ್ನು ಕಾಯಲು ಬಂದ ಕಾನೂನು ಚಕ್ರಬಡ್ಡಿಗೆ ದಾರಿಯಾಯಿತು. ಅಮೆರಿಕದ ಅಂತರ್ಯುದ್ಧವು ೧೮೬೫ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿಯಿತು. ಕಂದಾಯವು ಏರಿತು. ಸಾಹುಕಾರರು ಹೊಸ ಸಾಲವನ್ನು ನಿಲ್ಲಿಸಿದರು. ೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಎದ್ದರು, ದಂಗೆಯು ಅಹಮದ್‌ನಗರದವರೆಗೆ ಹಬ್ಬಿತು. ಅವರು ಮುಖ್ಯವಾಗಿ ಕೈಹಾಕಿದುದು ಸಾಲಪತ್ರಗಳಿಗೂ ಲೆಕ್ಕದ ಪುಸ್ತಕಗಳಿಗೂ. ಅವುಗಳನ್ನು ಕಿತ್ತುಕೊಂಡು ಬೆಂಕಿಗೆ ಹಾಕಿದರು.

ಈಗ ಕಾಗದಕ್ಕೆ ಹೆಬ್ಬೆಟ್ಟನ್ನೊತ್ತಲು ಹಿಂಜರಿಯುವ ರೈತನನ್ನು ಕಂಡು, ಇವನಲ್ಲಿ ನಷ್ಟದ ಭೀತಿಯು ಅತಿಯಾಗಿದೆಯೆಂದು ಬರೆಯುವುದು ಸುಲಭ. ಆ ಭೀತಿಯು ಮನಸ್ಸಿನ ದೋಷವೋ ಅಥವಾ ಅಜ್ಜನ ಕಾಲದಿಂದ ಬಂದ ನೆನಪೋ ಎಂಬುದನ್ನು ಪ್ರಯೋಗಶಾಲೆಯು ಹೇಳಲಾರದು. ಪ್ರಸ್ತುತ ಗ್ರಂಥವು ಪ್ರಯೋಗಶಾಲೆಗಿಂತ ಎಷ್ಟೋ ಮೇಲು. ಆದರೂ ಅದರ ದಿನಚರಿಗಳು ತೆರೆಯುವುದು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗಿನ ಕಿಟಕಿಯನ್ನು ಮಾತ್ರ.

ಎರಡನೆಯ ಆಕ್ಷೇಪಣೆಯೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು. ಗ್ರಂಥಕರ್ತರಲ್ಲೊಬ್ಬರಾದ ರುದರ್‌ಫರ್ಡ್ ಅವರು ೨೦೦೦ದಲ್ಲಿ ಪ್ರಕಟಿಸಿದ 'ದ ಪೂರ್ ಅಂಡ್ ದೇರ್ ಮನಿ' ಎಂಬ ಪುಸ್ತಕದಲ್ಲಿ ವಿಜಯವಾಡದ ಕೊಳಗೇರಿಯೊಂದರ ಸಂಗತಿಯನ್ನು ಹೇಳಿದ್ದಾರೆ. ಅಲ್ಲಿ ಒಬ್ಬ ಮಹಿಳೆ ಮನೆಮನೆಗೆ ಹೋಗಿ ಉಳಿತಾಯದ ಹಣವನ್ನು ಸಂಗ್ರಹಿಸುತ್ತಿದ್ದಳು. ಅವಳು ಕೊಡುವ ಚೀಟಿಯಲ್ಲಿ ೨೨೦ ಮನೆಗಳು. ದಿನಕ್ಕೆ ೫ ರೂಪಾಯಿಯಂತೆ ೨೨೦ ದಿನ ಕೊಟ್ಟರೆ ಒಟ್ಟು ೧,೧೦೦ ರೂಪಾಯಿ. ಕಡೆಯಲ್ಲಿ ಅವಳು ೧,೦೦೦ ರೂಪಾಯಿಯನ್ನು ಹಿಂದಿರುಗಿಸಿ ೧೦೦ ರೂಪಾಯಿಯನ್ನು ತನ್ನ ಕೂಲಿಯೆಂದು ಇಟ್ಟುಕೊಳ್ಳುವಳು. ಅವಧಿಯುದ್ದಕ್ಕೂ ಅವಳ ಬಳಿಯಿದ್ದ ಸರಾಸರಿ ಮೊತ್ತವು ೫೫೦ ರೂಪಾಯಿ ಎಂದು ಹಿಡಿದರೆ, ಇಟ್ಟವರು ವರ್ಷಕ್ಕೆ ಶೇಕಡಾ ೩೦ರಷ್ಟು ಬಡ್ಡಿಯನ್ನು ಪಡೆಯುವುದರ ಬದಲು ತಾವೇ ತೆರುತ್ತಿದ್ದರೆಂದಾಗುತ್ತದೆ. ಆದರೂ ಅಲ್ಲಿಯ ತಾಯಂದಿರು ಸಂತೋಷದಿಂದ ಅವಳಿಗೆ ಹಣವನ್ನು ಕೊಡುತ್ತಿದ್ದರು. ಏಕೆಂದರೆ ಮನೆಯಲ್ಲಿ ಉಳಿಯದ ಹಣವು ಅವಳ ಕೈಯಲ್ಲಿ ಉಳಿಯುತ್ತಿತ್ತು. ಈ ನಿದರ್ಶನವು ವಿದ್ವಾಂಸರಲ್ಲಿ ಬಹಳ ಹೆಸರಾಗಿದೆ. ಬಡವರು ಉಳಿತಾಯಕ್ಕಾಗಿ ಬೆಲೆಯನ್ನು ತೆರಲೂ ಸಿದ್ಧರೆಂಬುದಕ್ಕೆ ಇದನ್ನು ಪ್ರಮಾಣವಾಗಿ ಉದಾಹರಿಸುವುದುಂಟು.

ಕನ್ನಡ ನಾಡಿನ ವಾಚಕರಿಗೆ ಇದನ್ನು ಓದುತ್ತಲೇ ಪಿಗ್ಮಿಯ ನೆನಪು ಬಾರದಿರದು. ಉಡುಪಿಯಲ್ಲಿ ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ಡಾಕ್ಟರ್ ಟಿ. ಎಂ. ಎ. ಪೈ ಮತ್ತು ವಾಮನ ಕುಡ್ವ ಇವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ೮,೦೦೦ ರೂಪಾಯಿಗಳ ಬಂಡವಾಳದಿಂದ ಸ್ಥಾಪಿಸಿದರು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶಗಳಲ್ಲೊಂದು. ೧೯೨೮ರಲ್ಲಿ ಆ ಸಂಸ್ಥೆಯು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟನು ಮನೆಬಾಗಿಲಿಗೂ ಅಂಗಡಿಗೂ ಬಂದು ಪಡೆದು ಬರೆದುಕೊಂಡು ಹೋಗುವ ಪದ್ಧತಿ ಇದು. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಅಂಜುವವನಿದ್ದರೆ ಬ್ಯಾಂಕೇ ಅವನ ಮೆಟ್ಟಿಲನ್ನು ಹತ್ತಬೇಕು. ಸಂಜೆಗೆ ಖರ್ಚಾಗಿಬಿಡುವ ಹಣವನ್ನು ಸಂಜೆಗೆ ಮುನ್ನವೇ ಪಡೆಯಬೇಕು. ಹನಿಗೂಡಿ ಹಳ್ಳವಾಗುವುದನ್ನು ಪುಸ್ತಕದಲ್ಲಿ ಕಣ್ಣಾರೆ ತೋರಿಸಬೇಕು. ವರ್ತನಾ ಅರ್ಥಶಾಸ್ತ್ರವು ಹುಟ್ಟುವುದಕ್ಕೆ ಅರ್ಧ ಶತಮಾನದಷ್ಟು ಹಿಂದೆಯೇ ಕರಾವಳಿಯ ಈ ವ್ಯವಹಾರಸ್ಥರು ಅದರ ಪಾಠಗಳನ್ನು ಆಚರಣೆಗೆ ತಂದಿದ್ದರು.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಉಳಿಸುವವರ ನಡವಳಿಕೆಯು ಎರಡರಲ್ಲಿಯೂ ಒಂದೇ: ಅದೇ ಸಣ್ಣ ಮೊತ್ತ, ಅದೇ ದಿನನಿತ್ಯದ ಕಂತು, ಅದೇ ಮನೆಬಾಗಿಲು. ಆದರೆ ವಿಜಯವಾಡದ ತಾಯಿಯು ಉಳಿತಾಯಕ್ಕಾಗಿ ಬೆಲೆ ತೆತ್ತಳು. ಉಡುಪಿಯ ಅಂಗಡಿಕಾರನು ಅಲ್ಪವಾದರೂ ಬಡ್ಡಿಯನ್ನು ಪಡೆದನು. ನಡವಳಿಕೆಯು ಸಮಾನವಾಗಿರುವಾಗ ಬೆಲೆಯು ಇಷ್ಟೊಂದು ಭಿನ್ನವಾದರೆ, ಬೆಲೆಯ ಕಾರಣವನ್ನು ನಡವಳಿಕೆಯಲ್ಲಿ ಹುಡುಕುವುದು ತರ್ಕಕ್ಕೆ ಒಪ್ಪುವುದಿಲ್ಲ. ಅದನ್ನು ಸಂಸ್ಥೆಯಲ್ಲಿ ಹುಡುಕಬೇಕು. ಒಂದೆಡೆ ಸಂಗ್ರಹಿಸಿದ ಹಣವನ್ನು ಸಾಲವಾಗಿ ತೊಡಗಿಸಿ ಅದರ ಗಳಿಕೆಯಿಂದ ಏಜೆಂಟನ ಕಮಿಷನನ್ನು ಕೊಡುವ ಬ್ಯಾಂಕಿದ್ದಿತು. ಇನ್ನೊಂದೆಡೆ ಆ ಬೀದಿಗೆ ಯಾವ ಬ್ಯಾಂಕೂ ಇಳಿದಿರಲಿಲ್ಲ. ಬಡವರು ಬೆಲೆ ತೆರಲು ಸಿದ್ಧರೆಂಬ ವಾಕ್ಯದಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲವೆಂಬ ವಾಕ್ಯವು ಅಡಗಿಹೋಗುತ್ತದೆ. ಪ್ರಸ್ತುತ ಗ್ರಂಥದಲ್ಲಿ ನೆಚ್ಚಿಕೆಯು ನಾಲ್ಕು ಲಕ್ಷಣಗಳಲ್ಲೊಂದಾಗಿ, ಸಾಮಾನಿನ ಗುಣದಂತೆ ಬರುತ್ತದೆ. ನಾವಾದರೋ ಅದನ್ನು ಸಂಸ್ಥೆಯ ಚರಿತ್ರೆಯೆಂದು ತಿಳಿಯುತ್ತೇವೆ. ನಾಳೆಯೂ ಈ ಮನುಷ್ಯನು ಬರುವನೆಂಬ ನಂಬಿಕೆಯು ನಿನ್ನೆ ಮೊನ್ನೆ ಅವನು ಬಂದುದರಿಂದ ಹುಟ್ಟುತ್ತದೆ.

ಇಲ್ಲಿ ಪಿಗ್ಮಿಯ ಇನ್ನೊಂದು ಮುಖವನ್ನು ಮರೆಮಾಚುವುದು ಪಕ್ಷಪಾತವಾದೀತು. ಬಿಸಿಲಿನಲ್ಲಿ ಬೀದಿ ಬೀದಿ ತಿರುಗಿದ ಏಜೆಂಟನು ಬ್ಯಾಂಕಿನ ನೌಕರನೋ ಅಲ್ಲವೋ ಎಂಬುದು ದೀರ್ಘಕಾಲದ ವಿವಾದವಾಗಿ, ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ಠೇವಣಿ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಮಾನಿಸಿತು. ಗ್ರಾಹಕನ ಅನುಕೂಲವೆಂಬುದು ಯಾರೋ ಒಬ್ಬರ ಕಾಲ್ನಡಿಗೆಯಿಂದ ಆಗತಕ್ಕದ್ದು. ಸೇವೆಯನ್ನು ರೂಪಿಸುವವರು ಆ ಕಾಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಸ್ತುತ ಗ್ರಂಥದಲ್ಲಿ ಈ ಲೆಕ್ಕಕ್ಕೆ ಸಾಕಷ್ಟು ಸ್ಥಳವಿಲ್ಲ.

ಮೂರನೆಯ ಆಕ್ಷೇಪಣೆ: ದಿನಚರಿಯನ್ನು ಬರೆದುದು ಸಾಲ ತರುವವರ ಮನೆಯಲ್ಲಿ. ಸಾಲ ಕೊಡುವವರ ದಿನಚರಿಯನ್ನು ಹಾಗೆ ಬರೆದವರಿಲ್ಲ. ಹೀಗಾಗಿ ನಡವಳಿಕೆಯೆಂಬುದು ಬಡವರಿಗೆ ಮಾತ್ರ ಇರುವ ಗುಣವೆಂಬಂತೆ ವಾಚಕನಿಗೆ ತೋರುತ್ತದೆ. ಸಾಲಿಗನೂ ನಡವಳಿಕೆಯ ಪಂಡಿತನೇ. ಮನುಷ್ಯನು ಯಾವುದಕ್ಕೆ ನಾಚುತ್ತಾನೆ, ಯಾರ ಮುಂದೆ ತಲೆ ತಗ್ಗಿಸಲಾರನು ಎಂಬುದನ್ನು ಅವನು ಚೆನ್ನಾಗಿ ಬಲ್ಲನು. ಕಿರುಸಾಲದ ಸಂಸ್ಥೆಗಳು ಒಬ್ಬಳ ಕಂತಿಗೆ ಗುಂಪಿನ ಉಳಿದವರನ್ನೂ ಹೊಣೆಮಾಡಿದುದು ಇದೇ ತಿಳಿವಳಿಕೆಯ ಫಲ. ಒತ್ತೆಯಿಡಲು ಚಿನ್ನವಿಲ್ಲದವಳ ಮಾನವೇ ಇಲ್ಲಿ ಒತ್ತೆಯಾಯಿತು. ೨೦೦೯ರಲ್ಲಿ, ಈ ಗ್ರಂಥವು ಹೊರಬಂದ ವರ್ಷವೇ, ನಮ್ಮ ಕೋಲಾರ, ಶಿಡ್ಲಘಟ್ಟ, ರಾಮನಗರಗಳ ರೇಷ್ಮೆಯ ಸೀಮೆಯಲ್ಲಿ ಸ್ಥಳೀಯ ಸಂಸ್ಥೆಗಳ ಕರೆಗೆ ಓಗೊಟ್ಟು ಅನೇಕ ಸಾಲಗಾರರು ಒಟ್ಟಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ೨೦೧೦ರಲ್ಲಿ ಆಂಧ್ರಪ್ರದೇಶದ ಸರ್ಕಾರವು ವಸೂಲಿಯ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಮೊಬೈಲಿನ ಆ್ಯಪುಗಳ ಮೂಲಕ ಸಾಲ ಕೊಡುವವರು ಸಾಲಗಾರನ ಬಂಧುಮಿತ್ರರ ದೂರವಾಣಿ ಸಂಖ್ಯೆಗಳನ್ನೆಲ್ಲ ತೆಗೆದುಕೊಂಡು ಅವಮಾನದ ಬೆದರಿಕೆಯನ್ನು ಒಡ್ಡತೊಡಗಿದ ಮೇಲೆ, ರಿಸರ್ವ್ ಬ್ಯಾಂಕು ೨೦೨೨ರ ಮಾರ್ಗಸೂಚಿಯಲ್ಲಿ ಅಂತಹ ಪಟ್ಟಿಗೆ ಕೈಹಾಕಕೂಡದೆಂದು ವಿಧಿಸಿತು. ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಕಿರುಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯುವ ಸುಗ್ರೀವಾಜ್ಞೆಯನ್ನು ತಂದಿತು.

ಇವುಗಳಲ್ಲಿ ಯಾವುದೂ ಮನುಷ್ಯನ ನಡವಳಿಕೆಯನ್ನು ಅರಿಯದವರಿಂದ ಆದುದಲ್ಲ. ಚೆನ್ನಾಗಿ ಅರಿತವರಿಂದಲೇ ಆದುದು. ಆದುದರಿಂದ ನಡವಳಿಕೆಯನ್ನು ಅರಿತರೆ ಸೇವೆಯು ಉತ್ತಮವಾಗುವುದೆಂಬ ಮಾತು ಅರ್ಧಸತ್ಯ. ಯಾರು ಅರಿತರು, ಯಾರಿಗಾಗಿ ಅರಿತರು, ಅರಿತವರನ್ನು ಪ್ರಶ್ನಿಸುವ ಅಧಿಕಾರವು ಯಾರಿಗಿದೆ ಎಂಬ ಪ್ರಶ್ನೆಗಳು ಇತ್ಯರ್ಥವಾಗದೆ ಉಳಿದರ್ಧವು ತಿಳಿಯದು.

ಈ ಪ್ರಶ್ನೆಗಳಿಗೆ ಉತ್ತರದ ಬೆಳಕು ನಮ್ಮ ನಾಡಿನ ಎರಡು ಸಂಗತಿಗಳಲ್ಲಿ ದೊರೆಯುತ್ತದೆ. ೧೯೦೪ರ ಸಹಕಾರಿ ಕಾನೂನಿನ ಮರುವರ್ಷವೇ, ೧೯೦೫ರಲ್ಲಿ, ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರಿ ಪತ್ತಿನ ಸಂಘವು ಸ್ಥಾಪಿತವಾಯಿತು. ಇಲ್ಲಿ ಸಾಲ ತರುವವರೇ ಸಾಲ ಕೊಡುವವರೂ ಆದರು. ಆದರೆ ಸಹಕಾರದ ಹಾದಿ ಸುಗಮವಾಗಿರಲಿಲ್ಲ. ೧೯೫೧-೫೨ರ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯು ೧೯೫೪ರ ವರದಿಯಲ್ಲಿ ತೋರಿಸಿದಂತೆ, ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಸುಮಾರು ಶೇಕಡಾ ೩ ಮಾತ್ರವಾಗಿತ್ತು. ಇನ್ನೊಂದು ಸಂಗತಿ ೧೯೮೦ರ ದಶಕದ ನಡುವಿನದು. ಮೈರಾಡ ಸಂಸ್ಥೆಯು ಕರ್ನಾಟಕದಲ್ಲಿ ಕಟ್ಟಿದ ದೊಡ್ಡ ಸಹಕಾರಿ ಸಂಘಗಳಲ್ಲಿ ಕೆಲವು ಮುರಿದುಬಿದ್ದಾಗ, ಸದಸ್ಯರು ಪರಸ್ಪರ ನಂಬಿಕೆಯಿದ್ದ ಸಣ್ಣ ಗುಂಪುಗಳಾಗಿ ತಾವೇ ಒಡೆದು ಕೂಡಿಕೊಂಡರು. ಸಂಸ್ಥೆಯು ಅವರನ್ನು ತಡೆಯದೆ ಅವರಿಂದ ಕಲಿತುಕೊಂಡಿತು. ೧೯೮೭ರಲ್ಲಿ ನಬಾರ್ಡ್ ಅದಕ್ಕೆ ನೆರವನ್ನು ನೀಡಿತು. ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯು ಆರಂಭವಾಯಿತು. ಸ್ತ್ರೀಯರ ಸ್ವಸಹಾಯ ಸಂಘಗಳು ಬ್ಯಾಂಕಿನ ಬಾಗಿಲನ್ನು ತಲಪಿದುದು ಈ ದಾರಿಯಿಂದ.

ಈ ಎರಡರಲ್ಲಿಯೂ ಬಡವರ ನಡವಳಿಕೆಯನ್ನು ಹೊರಗಿನವರು ಅರಿತು ಸೇವೆಯನ್ನು ರೂಪಿಸಿದುದಕ್ಕಿಂತ, ಬಡವರೇ ತಮ್ಮ ನಿಯಮವನ್ನು ರೂಪಿಸಿದುದು ಹೆಚ್ಚು. ಬಡ್ಡಿಯೆಷ್ಟು, ಕಂತು ತಪ್ಪಿದವಳಿಗೆ ಎಷ್ಟು ದಿನದ ಸಾವಕಾಶ, ಯಾರ ಮನೆಯ ಆಪತ್ತಿಗೆ ಮೊದಲ ಸಾಲ ಎಂಬುದನ್ನು ಚಾಪೆಯ ಮೇಲೆ ಕುಳಿತವರೇ ತೀರ್ಮಾನಿಸಿದರು. ಅಲ್ಲಿಯೂ ಜಗಳಗಳುಂಟು, ಅಲ್ಲಿಯೂ ಬಲವುಳ್ಳವಳ ಮಾತು ನಡೆಯುವುದುಂಟು. ಆದರೆ ಪ್ರಶ್ನಿಸುವ ಅಧಿಕಾರವು ಅದೇ ಚಾಪೆಯ ಮೇಲೆ ಇರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, 'ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್' ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದತಕ್ಕ ಗ್ರಂಥ. ಬಡವರು ಲೆಕ್ಕ ಬಾರದವರೆಂಬ ಹಳೆಯ ತಾತ್ಸಾರವನ್ನು ಅದು ಅವರ ಲೆಕ್ಕದಿಂದಲೇ ಅಳಿಸಿಹಾಕುತ್ತದೆ. ಇದು ಸಣ್ಣ ಉಪಕಾರವಲ್ಲ. ಅದರ ಕೊರತೆಯನ್ನು ತುಂಬುವ ಕೆಲಸ ಮಾತ್ರ ಅರ್ಥಶಾಸ್ತ್ರಜ್ಞರೊಬ್ಬರಿಂದಲೇ ಆಗತಕ್ಕದ್ದಲ್ಲ. ಸಹಕಾರಿ ಸಂಘಗಳ ನಡಾವಳಿ ಪುಸ್ತಕಗಳು, ಹಳೆಯ ಪಿಗ್ಮಿ ಪುಸ್ತಕಗಳು, ಸಾಹುಕಾರರ ಮನೆಯ ಅಟ್ಟದ ಮೇಲಿನ ಕಡತಗಳು ಗೆದ್ದಲಿನ ಪಾಲಾಗುತ್ತಿವೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ತಾಯಿಯನ್ನೂ ಅಜ್ಜಿಯನ್ನೂ ಮೊದಲು ಕೇಳಲಿ: ಹಣವನ್ನು ಎಲ್ಲಿ ಇಡುತ್ತಿದ್ದಿರಿ, ಯಾರನ್ನು ನಂಬಿದಿರಿ, ಆ ನಂಬಿಕೆಯು ಎಂದು ಮುರಿಯಿತು? ಆಮೇಲೆ ಊರಿನ ಸಂಘದ ಪುಸ್ತಕವನ್ನು ತೆರೆದು, ಬಾಯಿಮಾತಿಗೂ ಬರವಣಿಗೆಗೂ ತಾಳೆ ನೋಡಲಿ. ಸಾಲಗಾರನ ದಿನಚರಿಯ ಪಕ್ಕದಲ್ಲಿ ಸಾಲಿಗನ ಕಡತವನ್ನೂ ಇಟ್ಟು ಓದಿದ ದಿನ, ಯಾವ ನಡವಳಿಕೆಯನ್ನು ತಿದ್ದಬೇಕು, ಯಾವ ಸಂಸ್ಥೆಯನ್ನು ತಿದ್ದಬೇಕೆಂಬುದನ್ನು ನಾವು ಇಂದಿಗಿಂತ ಹೆಚ್ಚಿನ ಧೈರ್ಯದಿಂದ ಹೇಳಬಲ್ಲೆವು.